ಕಾರ ಹುಣ್ಣಿಮೆಯ ರಾತ್ರಿ ಸ್ಟ್ರಾಬೆರಿ ಹುಡುಕಿದ್ದು

2025ರ ಜೂನ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ಬಂತು. ‘ಇವತ್ತು ಸ್ಟ್ರಾಬೆರಿ ಮೂನ್. ಸಂಜೆ ಏಳೂವರೆಗೆ ಎಲ್ಲರೂ ಟೆರೇಸ್‌ಗೆ ಬನ್ನಿ. ಬಿಳಿ ಬಟ್ಟೆ ಇರಲಿ. ಒಂದು ಗಾಜಿನ ಬಾಟಲಿಯಲ್ಲಿ ನೀರು, ಒಂದು ಹಾಳೆ, ಒಂದು ಪೆನ್ನು ತನ್ನಿ. ಸಾಧ್ಯವಾದರೆ ಸ್ಟ್ರಾಬೆರಿ ಕೂಡ.’ ಕೆಳಗೆ ನಲವತ್ತು ಮಂದಿ ಕೈಮುಗಿದಿದ್ದರು. ಮೇಂಟೆನೆನ್ಸ್ ದುಡ್ಡು ಕಟ್ಟಿ ಅಂತ ಹಿಂದಿನ ದಿನ ಹಾಕಿದ್ದ ಸಂದೇಶಕ್ಕೆ ಒಬ್ಬರೂ ಕೈಮುಗಿದಿರಲಿಲ್ಲ.

ಆಗ ಅವ್ವ ಊರಿಂದ ಬಂದಿದ್ದಳು. ಗದಗಿನ ಕಡೆಯವಳು. ಅವಳಿಗೆ ಬೆಳಿಗ್ಗೆಯಿಂದ ಬೇರೆಯೇ ಚಿಂತೆ. ಅವಳ ಲೆಕ್ಕದಲ್ಲಿ ಅದು ಕಾರ ಹುಣ್ಣಿಮೆ. ಊರಲ್ಲಿ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ, ಸಂಜೆ ಅಗಸಿ ಮುಂದೆ ಕರಿ ಹರಿಯುವ ದಿನ. ಬೇವಿನ ತೊಪ್ಪಲು ಸಿಕ್ಕಿಸಿದ ಹಗ್ಗವನ್ನು ಅಡ್ಡ ಕಟ್ಟಿರುತ್ತಾರೆ. ಎತ್ತುಗಳು ಓಡಿ ಬಂದು ಅದನ್ನು ಹರಿಯಬೇಕು. ಬಿಳಿ ಎತ್ತು ಹರಿಯಿತೋ ಕೆಂದೆತ್ತು ಹರಿಯಿತೋ ನೋಡಿ, ಆ ವರ್ಷ ಯಾವ ಬೆಳೆ ಕೈ ಹಿಡಿಯುತ್ತದೆ ಅಂತ ಊರು ಲೆಕ್ಕ ಹಾಕುತ್ತದೆ. ತಮ್ಮ ಫೋನ್ ಮಾಡುತ್ತೇನೆ ಅಂದಿದ್ದ. ಅವ್ವ ಮೊಬೈಲನ್ನು ಸೆರಗಲ್ಲಿ ಕಟ್ಟಿಕೊಂಡೇ ಓಡಾಡುತ್ತಿದ್ದಳು.

‘ಸ್ಟ್ರಾಬೆರಿ ಹುಣ್ಣಿವಿ ಅಂದ್ರೇನಪಾ?’ ಅಂದಳು.

‘ಅಮೆರಿಕದ್ದು ಅವ್ವ.’

‘ಅವರಿಗೂ ಬ್ಯಾರೆ ಚಂದ್ರ ಅದಾನೇನು?’

ನಾನು ಚೀಲ ಹಿಡಿದು ಹೊರಟೆ. ಮೂಲೆಯ ಹಣ್ಣಿನ ಗಾಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ‘ಜೂನ್‌ನಲ್ಲಿ ಸ್ಟ್ರಾಬೆರಿ ಎಲ್ಲಿ ಸಾರ್? ಮಹಾಬಲೇಶ್ವರದ್ದು ಚಳಿಗಾಲಕ್ಕೇ ಮುಗೀತು. ಬೆಳಿಗ್ಗೆಯಿಂದ ನೀವು ಏಳನೆಯವರು. ಏನಾದ್ರೂ ಕಾಯಿಲೆ ಬಂದಿದ್ಯಾ ನಿಮ್ಮ ಬಿಲ್ಡಿಂಗ್‌ಗೆ? ಸುಮ್ನೆ ನೇರಳೆ ತಗೊಂಡು ಹೋಗಿ.’

ಟೆರೇಸ್‌ಗೆ ಹೋಗಿ ನೋಡಿದರೆ ಎಲ್ಲರದ್ದೂ ಇದೇ ಪಾಡು. ಒಬ್ಬರು ಜಾಮ್ ಬಾಟಲಿ ತಂದಿದ್ದರು. ಇನ್ನೊಬ್ಬರದು ಮಿಲ್ಕ್‌ಶೇಕ್. ಒಂದು ಹುಡುಗಿ ಸ್ಟ್ರಾಬೆರಿ ವಾಸನೆಯ ಲಿಪ್‌ಬಾಮ್ ಇಟ್ಟಿದ್ದಳು. ಇದನ್ನೆಲ್ಲ ನಡೆಸಿಕೊಡಲು ಬಂದಿದ್ದ ಮೂನ್ ಕೋಚ್ ಮೇಡಂ ಅದನ್ನೂ ಎತ್ತಿ ಹಣೆಗೆ ಒತ್ತಿಕೊಂಡು, ‘ಪರವಾಗಿಲ್ಲ, ಇಂಟೆನ್ಷನ್ ಮುಖ್ಯ’ ಅಂದರು. ಮೇಲೆ ನೋಡಿದರೆ ಮೋಡ. ಮುಂಗಾರು ಬಂದು ಹದಿನೈದು ದಿನವಾಗಿತ್ತು. ಚಂದ್ರನ ಪತ್ತೆ ಇಲ್ಲ. ಅದಕ್ಕೂ ಪರವಾಗಿಲ್ಲವಂತೆ. ಎನರ್ಜಿ ಮೋಡದ ಮೂಲಕ ಬರುತ್ತದಂತೆ.

ಬಾಟಲಿಗಳನ್ನು ಸಾಲಾಗಿ ಇಟ್ಟೆವು. ಇದು ಮೂನ್ ವಾಟರ್. ಬೆಳದಿಂಗಳಲ್ಲಿ ರಾತ್ರಿಯಿಡೀ ಇಟ್ಟ ನೀರಿಗೆ ಚಂದ್ರನ ಶಕ್ತಿ ತುಂಬುತ್ತದೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು. ನಮ್ಮ ಬಿಲ್ಡಿಂಗ್‌ಗೆ ಬರುವುದು ಟ್ಯಾಂಕರ್ ನೀರು. ಯಾವ ಬೋರ್‌ವೆಲ್ಲಿನದು ಅಂತ ಟ್ಯಾಂಕರ್ ಡ್ರೈವರನಿಗೂ ಗೊತ್ತಿಲ್ಲ. ಅದಕ್ಕೆ ಮೊದಲು ಫಿಲ್ಟರ್ ಬೇಕು. ಚಂದ್ರ ಆಮೇಲೆ ನೋಡೋಣ ಅಂತ ನನ್ನ ಅನಿಸಿಕೆ. ಹೇಳಲಿಲ್ಲ.

ಆಮೇಲೆ ಮೇಡಂ ಹನ್ನೆರಡು ಹುಣ್ಣಿಮೆಗಳ ಅರ್ಥ ಬಿಡಿಸಿ ಹೇಳಿದರು. ಜನವರಿ ವುಲ್ಫ್ ಮೂನ್, ನಿಮ್ಮೊಳಗಿನ ತೋಳವನ್ನು ಎಬ್ಬಿಸಿ. ಮಾರ್ಚ್ ವರ್ಮ್ ಮೂನ್, ಎರೆಹುಳದ ಹಾಗೆ ನೆಲ ಸೇರಿ ಹೊಸಬರಾಗಿ. ಏಪ್ರಿಲ್ ಪಿಂಕ್ ಮೂನ್, ನಿಮ್ಮನ್ನು ನೀವೇ ಪ್ರೀತಿಸಿ. ಆಗಸ್ಟ್‌ದು ಸ್ಟರ್ಜನ್ ಮೂನ್. ಹಿಂದಿನ ಸಾಲಿನ ಅಂಕಲ್‌ಗೆ ಅದು ‘ಸರ್ಜನ್’ ಅಂತ ಕೇಳಿಸಿ, ತಮ್ಮ ಮಂಡಿ ಆಪರೇಷನ್ ಆ ತಿಂಗಳಿಗೇ ಇಟ್ಟುಕೊಳ್ಳಬಹುದಾ ಅಂತ ವಿಚಾರಿಸಿದರು. ನವೆಂಬರ್ ಬೀವರ್ ಮೂನ್. ಬೀವರ್ ಅಂದರೆ ಮರ ಕಡಿದು ಹೊಳೆಗೆ ಅಡ್ಡಗಟ್ಟೆ ಕಟ್ಟಿ ಗೂಡು ಮಾಡುವ ಪ್ರಾಣಿ. ಹಾಗಾಗಿ ಆ ಹುಣ್ಣಿಮೆ ಮನೆ ಕಟ್ಟುವ ಸಂಕಲ್ಪಕ್ಕೆ ಶ್ರೇಷ್ಠ. ಸೈಟ್ ಇದ್ದವರು ನೋಟ್ ಮಾಡಿಕೊಂಡರು.

ಈಗ ಆ ಬೀವರ್ ಕಥೆ ಕೇಳಿ. ಉತ್ತರ ಅಮೆರಿಕದಲ್ಲಿ ನವೆಂಬರ್ ಅಂದರೆ ಜೌಗು ನೆಲ ಹೆಪ್ಪುಗಟ್ಟುವ ಮುಂಚಿನ ತಿಂಗಳು. ಚಳಿಗಾಲಕ್ಕೆ ತುಪ್ಪಳ ಬೇಕು. ಅದಕ್ಕೆ ಬೀವರ್‌ಗೆ ಬೋನು ಇಡುವ ಕಾಲ ಅದು. ಹೆಸರಿಗೆ ಅಮೆರಿಕದವರು ಕೊಡುವ ಒಂದು ವಿವರಣೆ ಇದು. ಅಂದರೆ ಪಾಪ, ಆ ಪ್ರಾಣಿಯ ಚರ್ಮ ಸುಲಿಯುವ ಹುಣ್ಣಿಮೆಯಲ್ಲಿ ನಾವು ಗೃಹಪ್ರವೇಶದ ಕನಸು ಕಾಣುತ್ತಿದ್ದೇವೆ. ಪಿಂಕ್ ಮೂನ್‌ಗೂ ಬಣ್ಣಕ್ಕೂ ಸಂಬಂಧವಿಲ್ಲ. ಆ ಕಾಲದಲ್ಲಿ ಅಲ್ಲಿ ನೆಲದ ತುಂಬ ಅರಳುವ ಫ್ಲಾಕ್ಸ್ ಅನ್ನುವ ಕಾಡುಹೂವು ಗುಲಾಬಿ ಬಣ್ಣದ್ದು, ಅಷ್ಟೆ. ಆದರೂ ಪ್ರತಿ ಏಪ್ರಿಲ್‌ನಲ್ಲಿ ನಮ್ಮ ಟೆರೇಸ್ ಮೇಲೆ ಹತ್ತು ಜನ ಮೊಬೈಲ್ ಹಿಡಿದು ಕಾಯುತ್ತಾರೆ. ಚಂದ್ರ ಎಂದಿನ ಹಾಗೆ ಟ್ಯೂಬ್‌ಲೈಟ್ ಬಣ್ಣದಲ್ಲೇ ಬರುತ್ತಾನೆ. ಆಮೇಲೆ ಫಿಲ್ಟರ್ ಹಾಕಿ ಗುಲಾಬಿ ಮಾಡುತ್ತಾರೆ. ಸ್ಟರ್ಜನ್ ಅಂದರೆ ಅಲ್ಲಿನ ಮಹಾ ಸರೋವರಗಳ ದೊಡ್ಡ ಮೀನು. ಆಗಸ್ಟ್‌ನಲ್ಲಿ ಬಲೆಗೆ ಚೆನ್ನಾಗಿ ಬೀಳುತ್ತಿತ್ತು. ವಿಪರೀತ ಹಿಡಿದು ಹಿಡಿದು ಈಗ ಅಲ್ಲೂ ಅದು ಅಪರೂಪ.

ಸ್ಟ್ರಾಬೆರಿಯ ಹೆಸರು ಮಾತ್ರ ನನಗೆ ಇಷ್ಟ. ಆಲ್ಗಾಂಕ್ವಿನ್, ಒಜಿಬ್ವೆ, ಲಕೋಟ ಮುಂತಾದ ಮೂಲನಿವಾಸಿಗಳಿಗೆ ಜೂನ್ ಅಂದರೆ ಕಾಡಿನ ಸ್ಟ್ರಾಬೆರಿ ಆಯುವ ತಿಂಗಳು. ಒಜಿಬ್ವೆ ಭಾಷೆಯಲ್ಲಿ ಆ ಹಣ್ಣಿಗೆ ಹೃದಯದ ಹಣ್ಣು ಅಂತಲೇ ಹೆಸರು. ಒಂದೊಂದು ಬುಡಕಟ್ಟಿಗೆ ಒಂದೊಂದು ಪಟ್ಟಿ ಇತ್ತು. ಒಂದೇ ತಿಂಗಳ ಚಂದ್ರನಿಗೆ ಒಂದು ಕಡೆ ಮೀನಿನ ಹೆಸರು, ಇನ್ನೊಂದು ಕಡೆ ಬೆಳೆಯ ಹೆಸರು. ಅವರವರ ಹೊಳೆ, ಅವರವರ ಹೊಲ. ಬಿಳಿಯರು ಬಂದು ಆ ಜನರ ನೆಲ ಕಿತ್ತುಕೊಂಡರು. ಆಮೇಲೆ 1930ರ ದಶಕದ ಹೊತ್ತಿಗೆ ಅಲ್ಲಿನ ರೈತರ ಪಂಚಾಂಗಗಳು ಅವರ ಹೆಸರುಗಳಿಗೆ ತಮ್ಮ ಸುಗ್ಗಿಯ ಹಾರ್ವೆಸ್ಟ್ ಮೂನ್, ಬೇಟೆಯ ಹಂಟರ್ಸ್ ಮೂನ್ ಬೆರೆಸಿ ಒಂದೇ ಪಟ್ಟಿಯಾಗಿ ಅಚ್ಚು ಹಾಕಿದವು. 1792ರಿಂದ ಬರುತ್ತಿರುವ ಅಲ್ಲಿನ ಒಂದು ಹಳೆಯ ಪಂಚಾಂಗಕ್ಕೆ ಇವತ್ತಿಗೂ ಮೂಲೆಯಲ್ಲಿ ಒಂದು ತೂತು ಇರುತ್ತದೆ. ಮೊಳೆಗೆ ನೇತುಹಾಕೋಕೆ. ನಮ್ಮ ಅಡುಗೆಮನೆ ಬಾಗಿಲ ಪಕ್ಕದ ಪಂಚಾಂಗದ ಹಾಗೇ, ಅಲ್ವಾ? ಯಾವಾಗ ಬಿತ್ತಬೇಕು, ಯಾವಾಗ ಮಳೆ, ಉಪ್ಪಿನಕಾಯಿ ಹೇಗೆ. ಮೊಳೆಗೆ ನೇತುಹಾಕಿದ್ದ ಆ ಪಟ್ಟಿ ಇಂಟರ್‌ನೆಟ್ ಹತ್ತಿ, ಯೋಗಾ ಮ್ಯಾಟ್ ಸುತ್ತಿಕೊಂಡು, ಆಧ್ಯಾತ್ಮವಾಗಿ ಬೆಂಗಳೂರಿಗೆ ಬಂದು ಇಳಿದಿದೆ.

ಇಷ್ಟೇ ಆಗಿದ್ದರೆ ಟೆರೇಸ್ ಮಟ್ಟದ ತಮಾಷೆ ಅಂತ ಬಿಡಬಹುದಿತ್ತು. ಆದರೆ ಟಿವಿ ಇದೆ.

2018ರ ಜನವರಿ 31 ನೆನಪಿದೆಯಾ? ಸೂಪರ್ ಬ್ಲೂ ಬ್ಲಡ್ ಮೂನ್. ಪರದೆ ತುಂಬ ಕೆಂಪು, ಕಿಟಕಿಗೊಬ್ಬರಂತೆ ಜ್ಯೋತಿಷಿಗಳು, ಹಿಂದೆ ಡಮ ಡಮ ಸದ್ದು. ಈಗ ಆ ಹೆಸರನ್ನು ಒಂದೊಂದಾಗಿ ಬಿಡಿಸಿ ನೋಡಿ. ‘ಸೂಪರ್’ ಅಂತ ಹೆಸರಿಟ್ಟವನು ವಿಜ್ಞಾನಿ ಅಲ್ಲ, ರಿಚರ್ಡ್ ನೋಲ್ ಅನ್ನುವ ಅಮೆರಿಕದ ಜ್ಯೋತಿಷಿ, 1979ರಲ್ಲಿ. ಚಂದ್ರ ಭೂಮಿಗೆ ಹತ್ತಿರ ಬಂದಾಗಿನ ಹುಣ್ಣಿಮೆ ಅದು. ಅತಿ ದೂರದ ಹುಣ್ಣಿಮೆಗೆ ಹೋಲಿಸಿದರೆ ಚಂದ್ರ ಹೆಚ್ಚೆಂದರೆ ನೂರಕ್ಕೆ 14ರಷ್ಟು ದೊಡ್ಡದಾಗಿ ಕಾಣುತ್ತಾನೆ. ಪಕ್ಕಪಕ್ಕ ಇಟ್ಟು ನೋಡೋಕೆ ಇನ್ನೊಬ್ಬ ಚಂದ್ರ ಇಲ್ಲವಾದ್ದರಿಂದ ಬರಿಗಣ್ಣಿಗೆ ಏನೂ ಗೊತ್ತಾಗುವುದಿಲ್ಲ. ‘ಬ್ಲಡ್’ ಅನ್ನುವುದು ಜನರ ಬಾಯಿಗೆ ಬಂದದ್ದು 2014-15ರಲ್ಲಿ, ಚಂದ್ರ ಕೆಂಪಗೆ ಕಾಣುವ ಪೂರ್ಣ ಚಂದ್ರಗ್ರಹಣ ಸಾಲಾಗಿ ನಾಲ್ಕು ಬಂದಾಗ, ಲೋಕಕ್ಕೆ ಏನೋ ಕಾದಿದೆ ಅಂತ ಹೆದರಿಸಿದ ಅಮೆರಿಕದ ಪಾದ್ರಿಗಳಿಂದ. ಇನ್ನು ‘ಬ್ಲೂ’. ಅದಂತೂ ತಪ್ಪು ಓದಿದ್ದರಿಂದ ಹುಟ್ಟಿದ್ದು. ಒಂದು ಋತುವಿನಲ್ಲಿ ಮೂರರ ಬದಲು ನಾಲ್ಕು ಹುಣ್ಣಿಮೆ ಬಂದರೆ ಮೂರನೆಯದು ಬ್ಲೂ ಮೂನ್ ಅಂತ ಅಮೆರಿಕದ ಮೇನ್ ರಾಜ್ಯದ ಪಂಚಾಂಗ ಲೆಕ್ಕ ಇಟ್ಟಿತ್ತು. 1946ರಲ್ಲಿ ‘ಸ್ಕೈ ಆ್ಯಂಡ್ ಟೆಲಿಸ್ಕೋಪ್’ ಪತ್ರಿಕೆಯಲ್ಲಿ ಒಬ್ಬರು ಅದನ್ನು ತಪ್ಪಾಗಿ ಓದಿ, ಒಂದೇ ತಿಂಗಳ ಎರಡನೇ ಹುಣ್ಣಿಮೆ ಅಂತ ಬರೆದರು. 1999ರಲ್ಲಿ ಆ ಪತ್ರಿಕೆಯೇ ‘ತಪ್ಪಾಯ್ತು’ ಅಂತ ಒಪ್ಪಿಕೊಂಡಿತು. ಅಷ್ಟು ಹೊತ್ತಿಗೆ ತಪ್ಪಿಗೆ ಐವತ್ಮೂರು ವರ್ಷ ತುಂಬಿ, ಅದು ಪ್ರಾಚೀನ ನಂಬಿಕೆ ಆಗಿಬಿಟ್ಟಿತ್ತು.

ಅಂದರೆ ಒಬ್ಬ ಜ್ಯೋತಿಷಿ, ಒಂದು ತಪ್ಪು, ಒಂದಿಷ್ಟು ಪಾದ್ರಿಗಳು. ಈ ಮೂರನ್ನೂ ಒಟ್ಟು ಹಾಕಿ ನಮ್ಮ ಟಿವಿಯವರು ವೃಶ್ಚಿಕ ರಾಶಿಯವರನ್ನು ಹೆದರಿಸಿದರು. ಆ ಸಂಜೆ ಕರ್ನಾಟಕದಲ್ಲಿ ಅದು ಭಾರತ ಹುಣ್ಣಿಮೆ. ಸವದತ್ತಿ ಗುಡ್ಡದಲ್ಲಿ ‘ಉಧೋ ಉಧೋ’ ಅನ್ನುವ ಜನ. ಪರದೆಯ ಮೂಲೆಯಲ್ಲಿ ಆ ಹೆಸರು ನನಗಂತೂ ಕಾಣಲಿಲ್ಲ. ಜನವರಿ ಬಂದರೆ ಸಾಕು, ‘ವುಲ್ಫ್ ಮೂನ್ ಬಂತು’ ಅಂತ ಶುರು. ತೋಳ ಬಂತು ತೋಳ ಅಂತ ಕೂಗಿದ ಹುಡುಗನ ಕಥೆ ನಾವೆಲ್ಲ ಮೂರನೇ ಕ್ಲಾಸಿಗೇ ಕೇಳಿದ್ದೇವೆ. ನಿಜವಾದ ತೋಳ ಬೇಕಿದ್ದರೆ ಗಂಗಾವತಿ ತಾಲ್ಲೂಕಿನ ಬಂಕಾಪುರದ ಕಡೆ ಇವೆ. ಅವುಗಳ ಬಗ್ಗೆ ಯಾರೂ ಚರ್ಚೆ ಇಟ್ಟುಕೊಳ್ಳುವುದಿಲ್ಲ.

ಬ್ಲೂ ಮೂನ್ ಲೆಕ್ಕವಾದರೂ ನಮಗೆ ಹೊಸದಾ? ಹನ್ನೆರಡು ಹುಣ್ಣಿಮೆಗೆ 354 ದಿನ. ವರ್ಷಕ್ಕೆ 11 ದಿನ ಉಳಿಯುತ್ತದೆ. ಕೂಡಿಟ್ಟರೆ ಎರಡೂವರೆ ವರ್ಷ ದಾಟುವಷ್ಟರಲ್ಲಿ ಒಂದು ಹುಣ್ಣಿಮೆ ಜಾಸ್ತಿ. 2026ರ ಮೇ 1ಕ್ಕೂ ಹುಣ್ಣಿಮೆ, ಮೇ 31ಕ್ಕೂ ಹುಣ್ಣಿಮೆ. ಎರಡನೆಯದು ಅವರಿಗೆ ಬ್ಲೂ ಮೂನ್, ನಮ್ಮ ಪಂಚಾಂಗದಲ್ಲಿ ಅಧಿಕ ಜ್ಯೇಷ್ಠ. ಅವ್ವನಿಗೆ ಅದರಲ್ಲಿ ಬೆರಗು ಏನೂ ಇಲ್ಲ. ಅಧಿಕ ಮಾಸ ಅಂದರೆ ಅಳಿಯನನ್ನು ಕರೆದು 33ರ ಲೆಕ್ಕದಲ್ಲಿ ಸಿಹಿ ಮಾಡಿ ಕೊಡಬೇಕು, ಖರ್ಚು, ಅಷ್ಟೆ.

ಹಾಗೆ ನೋಡಿದರೆ ನಮ್ಮ ಹುಣ್ಣಿಮೆಗಳದ್ದೂ ಇದೇ ಜಾತಿ. ದವನದ ಹುಣ್ಣಿಮೆ, ಆಗಿ ಹುಣ್ಣಿಮೆ, ಕಾರ ಹುಣ್ಣಿಮೆ, ಕಡ್ಲಿಗಡಬ ಹುಣ್ಣಿಮೆ, ನೂಲ ಹುಣ್ಣಿಮೆ. ಒಂದರಲ್ಲಿ ಸೊಪ್ಪು, ಒಂದರಲ್ಲಿ ಸಸಿ, ಒಂದರಲ್ಲಿ ಎತ್ತು, ಒಂದರಲ್ಲಿ ಹೂರಣ, ಒಂದರಲ್ಲಿ ದಾರ. ಸೀಗಿ ಹುಣ್ಣಿಮೆ ಮಲೆನಾಡಿಗೆ ಹೋದರೆ ಭೂಮಿ ಹುಣ್ಣಿಮೆ. ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು ಬೆಳಗಾಗುವ ಮೊದಲೇ ಗದ್ದೆಗೆ ಹೋಗಿ, ಬಸುರಿ ಭೂಮಿಗೆ ಉಣಿಸಿ ಬರುತ್ತಾರೆ. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆ. ಕಾರ ಹುಣ್ಣಿಮೆ ಹಬ್ಬಗಳನ್ನು ಕರ್ಕೊಂಡು ಬಂತು, ಹೋಳಿ ಹುಣ್ಣಿಮೆ ಹೊಯ್ಕೊಂಡು ಹೋಯ್ತು ಅಂತ ನಮ್ಮ ಕಡೆ ಗಾದೆಯೇ ಇದೆ.

ಎಲ್ಲವೂ ಕಡುಬು, ಸಕ್ಕರೆ ಆರತಿ ಅಂತಲ್ಲ. ಸವದತ್ತಿಯಲ್ಲಿ ಹೊಸ್ತಿಲ ಹುಣ್ಣಿಮೆಗೆ ರಂಡೆ ಹುಣ್ಣಿಮೆ ಅಂತ ಹೆಸರು, ಯಲ್ಲಮ್ಮನ ಬಳೆ ಒಡೆಯುವ ದಿನ. ಭಾರತ ಹುಣ್ಣಿಮೆ ಮುತ್ತೈದೆ ಹುಣ್ಣಿಮೆ. ಅದೇ ಭಾರತ ಹುಣ್ಣಿಮೆಯಲ್ಲಿ ಎಷ್ಟೋ ಬಡ ಮನೆಯ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದರು. ಅದನ್ನು ನಿಲ್ಲಿಸೋಕೆ 1982ರಲ್ಲಿ ಕಾನೂನು ಬರಬೇಕಾಯಿತು. ಹಾಗಾಗಿ ‘ನಮ್ಮ ಹಿರಿಯರ ಹುಣ್ಣಿಮೆಯ ಹಿಂದಿನ ವಿಜ್ಞಾನ’ ಅಂತ ಫಾರ್ವರ್ಡ್ ಕಳಿಸುವವರಿಗೂ ನಾನು ಕೈಮುಗಿಯುವುದಿಲ್ಲ.

ನನ್ನ ಹೆದರಿಕೆಯೇ ಬೇರೆ. ಈ ಕೋಚ್‌ಗಳ ಕೈಗೆ ನಮ್ಮ ಪಟ್ಟಿ ಸಿಕ್ಕಿಬಿಟ್ಟರೆ? ಹೊಸ್ತಿಲ ಹುಣ್ಣಿಮೆ, ಬದುಕಿನ ಹೊಸ ಹೊಸ್ತಿಲು ದಾಟಿ. ನೂಲ ಹುಣ್ಣಿಮೆ, ಬ್ರಹ್ಮಾಂಡದ ದಾರಕ್ಕೆ ನಿಮ್ಮ ಸೂಜಿ ಪೋಣಿಸಿ. ಕಡ್ಲಿಗಡಬ ಹುಣ್ಣಿಮೆ, ದೇಹವೇ ಕಣಕ, ಆತ್ಮವೇ ಹೂರಣ, ಎಂಟ್ರಿ 1,499 ರೂಪಾಯಿ, ಊಟ ಬೇರೆ.

ಟೆರೇಸ್‌ಗೆ ವಾಪಸ್ ಬರೋಣ. ಬೇಡದ್ದನ್ನೆಲ್ಲ ಹಾಳೆಯಲ್ಲಿ ಬರೆದು ಸುಡುವ ಹೊತ್ತು. ವಾಚ್‌ಮನ್ ಒಂದು ಬಕೆಟ್ ನೀರು ಹಿಡಿದು ನಿಂತಿದ್ದ. ಎಲ್ಲರೂ ಕಣ್ಣು ಮುಚ್ಚಿದ್ದರು. ಅಷ್ಟರಲ್ಲಿ ಅವ್ವನ ಸೆರಗಿನೊಳಗಿಂದ ಫೋನ್ ಬಾರಿಸಿತು. ತಮ್ಮನ ವಿಡಿಯೋ ಕಾಲ್. ಹಲಗೆ ಸದ್ದು, ಧೂಳು, ಯಾರದೋ ಸಿಳ್ಳೆ.

‘ಯವ್ವಾ, ಬಿಳಿ ಎತ್ತು ಹರೀತು ಬೇ!’

‘ಯಾರ ಮನೀದು?’ ಅಂತ ಅವ್ವ ಕೂಗಿದಳು. ಮೌನ ಧ್ಯಾನ ಅಲ್ಲಿಗೆ ಮುಗಿಯಿತು. ಎಲ್ಲರೂ ಬಂದು ಫೋನ್ ಸುತ್ತ ಮುಗಿಬಿದ್ದರು. ಚಂದ್ರ ಕಾಣದ ಆ ಹುಣ್ಣಿಮೆಯಲ್ಲಿ ನೋಡೋಕೆ ಇದ್ದದ್ದು ಅದೊಂದೇ. ಮೇಡಂ ಕೂಡ ಬಗ್ಗಿ ನೋಡಿದರು.

‘ವಾವ್! ಅಮ್ಮಾ, ವೈಟ್ ಬುಲ್ ಅಂದ್ರೆ ಸ್ಪಿರಿಚುವಲ್ ಆಗಿ ಏನರ್ಥ?’

ಅವ್ವ ಒಂದು ಕ್ಷಣ ಯೋಚಿಸಿದಳು.

‘ಬಿಳಿಜ್ವಾಳ ಚೊಲೋ ಬರ್ತಾವ ಅಂತ ಅರ್ಥ, ತಂಗಿ.’

ಮೇಡಂ ಅದನ್ನು ಡೈರಿಯಲ್ಲಿ ಬರೆದುಕೊಂಡರು. ಮುಂದಿನ ತಿಂಗಳು ಅವ್ವ ಊರಲ್ಲಿ ಕಡ್ಲಿಗಡಬು ಕುದಿಸುವ ಹೊತ್ತಿಗೆ ಗುಂಪಿಗೆ ಹೊಸ ಪೋಸ್ಟರ್ ಬಂತು: ‘ಬಕ್ ಮೂನ್ ವಿತ್ ವೈಟ್ ಬುಲ್ ಎನರ್ಜಿ. ಬರುವಾಗ ಒಂದು ಹಿಡಿ ಬಿಳಿಜೋಳ ತನ್ನಿ.’ ಕಿರಾಣಿ ಅಂಗಡಿಯಲ್ಲಿ ಒಂದು ಹಿಡಿ ಕೊಡುವುದಿಲ್ಲವಂತೆ. ಅರ್ಧ ಕೆಜಿ ತಂದೆ. ಉಳಿದಿದ್ದರಲ್ಲಿ ಮೂರು ರೊಟ್ಟಿ ಆಯಿತು.