ಎಮ್ಯುಲೇಟರ್ ಇದ್ದರೆ ಸಾಕೇ?

ಹಳೇ ಹೋಮ್ ಕಂಪ್ಯೂಟರ್‌ಗಳು ಎಮ್ಯುಲೇಟರ್‌ನಲ್ಲೇ (ಹಳೇ ಯಂತ್ರವನ್ನು ಇಂದಿನ ಕಂಪ್ಯೂಟರ್‌ನಲ್ಲಿ ಅನುಕರಿಸುವ ಸಾಫ್ಟ್‌ವೇರ್) ಓಡುತ್ತವೆ, ಅಸಲಿ ಪೆಟ್ಟಿಗೆ ಯಾಕೆ ಬೇಕು ಅಂತ ಲೇಖನದಲ್ಲಿ ಕೇಳಿದ್ದೀರಿ. ಆಟ ಆಡೋಕೆ ಅಷ್ಟು ಸಾಕು ಬಿಡಿ. ರಿಪೇರಿ ಕಲಿಯೋದು ಪೆಟ್ಟಿಗೆ ಬಿಚ್ಚಿದಾಗಲೇ ಅಲ್ವಾ?

ಶಾಲಾ ಮಕ್ಕಳಿಗೆ ಕಂಪ್ಯೂಟರ್ ಕಲಿಸೋ 1984ರ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದಿದ್ದು ಬಿಬಿಸಿ ಮೈಕ್ರೋ ಅನ್ನೋ ಬ್ರಿಟಿಷ್ ಹೋಮ್ ಕಂಪ್ಯೂಟರ್. ಮೆಮೊರಿ 32 ಕೆಬಿ ಅಷ್ಟೇ. ಗುಜರಿಯಲ್ಲಿ ಎಲ್ಲಾದರೂ ಸಿಕ್ಕರೆ ಸುಮ್ನೆ ಪ್ಲಗ್ ಚುಚ್ಚಬೇಡಿ. ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್ ಮೈಮೇಲೆ ಸಣ್ಣ ಸಣ್ಣ ಬಿರುಕು ಬಿಟ್ಟಿರುತ್ತೆ. ಕರೆಂಟ್ ಹರಿದರೆ ಮನೆ ತುಂಬ ಹೊಗೆ, ಗಬ್ಬು ನಾತ. ಮೊದಲು ಅದನ್ನು ಬದಲಿಸಿ, ಮೇನ್ಸ್ ಕರೆಂಟ್‌ಗೆ ಹಾಕೋಕೆ ಅಂತಲೇ ಇರುವ ಎಕ್ಸ್2 ಸುರಕ್ಷತಾ ದರ್ಜೆಯದೇ ಹಾಕಿ.

ನಮ್ಮ ಬೆಳಗಾವಿಯಲ್ಲಿ ರೇಡಿಯೋ, ಟಿವಿ ರಿಪೇರಿಯಲ್ಲಿ ಕೈ ಪಳಗಿದ ಹಿರಿಯರು ಇನ್ನೂ ಇದ್ದಾರೆ. ಇಂಜಿನಿಯರಿಂಗ್ ಹುಡುಗರಿಗಂತೂ ಬರವಿಲ್ಲ. ಇಬ್ಬರನ್ನೂ ಭಾನುವಾರ ಒಂದೇ ಮೇಜಿಗೆ ಕೂರಿಸಬೇಕು. ಹೀಗೆ ಹಳೇ ಕಂಪ್ಯೂಟರ್ ರಿಪೇರಿಯ ಗುಂಪು ಕಟ್ಟಿದರೂ, ಕೆಲಸ ಕಲಿಯೋದು ಬಿಟ್ಟು ಫೋಟೋ ಹಾಕಿ ರೇಟ್ ಕೇಳುವವರೇ ಜಾಸ್ತಿಯಾದರೆ ಅದು ಉಳಿಯಲ್ಲ. ಇಲ್ಲಿನ ಟಿಳಕವಾಡಿ ಕಡೆ ಯಾರಾದರೂ ಇಂಥ ಗುಂಪು ಶುರು ಮಾಡಿದರೆ ಹೇಳಿ, ಸೋಲ್ಡರಿಂಗ್ ಐರನ್ ನಾನು ತರುತ್ತೇನೆ.