ಎಲ್ಲದಕ್ಕೂ ‘ಮುಚ್ಚು’ ಅಂತ ಬರೆದರೆ ಹೇಗೆ?

ನಿನ್ನೆ ತಂಗಿಯ ಮಗುವಿನ ಫೋಟೋ ಹಾಕಿ, ಕಂಬಳಿ ಹೊದ್ದಿದೆ ಅನ್ನಲು ‘ಶ್ರೌಡೆಡ್’ ಎಂದು ಇಂಗ್ಲಿಷಿನಲ್ಲಿ ಬರೆದೆ. ಐದೇ ನಿಮಿಷಕ್ಕೆ ಅಮೆರಿಕದಿಂದ ಅಣ್ಣನ ಫೋನು. ಗಾಬರಿಯ ದನಿ. ‘ಶ್ರೌಡ್’ ಅಂದರೆ ಹೆಣಕ್ಕೆ ಹೊದಿಸುವ ಬಟ್ಟೆಯಂತೆ! ನಮ್ಮ ಮನೆಯ ಇಂಗ್ಲಿಷ್-ಕನ್ನಡ ಡಿಕ್ಷನರಿಯಲ್ಲಿ ಅದಕ್ಕೆ ಇದ್ದಿದ್ದು ಇಷ್ಟೇ: ಮುಚ್ಚು, ಹೊದಿಸು.

ಕವರ್ ನೋಡಿದರೂ ಮುಚ್ಚು. ಹೈಡ್, ಕನ್ಸೀಲ್, ಮಾಸ್ಕ್, ವೇಲ್, ಎಲ್ಲಕ್ಕೂ ಮುಚ್ಚು, ಮರೆಮಾಡು. ಇಷ್ಟೇನಾ? ಪಾತ್ರೆಗೆ ತಟ್ಟೆ ಮುಚ್ಚುವುದು ಕವರ್. ಅದರಲ್ಲಿ ಗುಟ್ಟೇನೂ ಇಲ್ಲ. ಮಗು ಬಾಗಿಲ ಹಿಂದೆ ಅಡಗಿದರೆ ಹೈಡ್. ಬೇಕಂತಲೇ ವಿಷಯ ಬಚ್ಚಿಟ್ಟರೆ ಕನ್ಸೀಲ್. ವೇಷ ಬದಲಿಸಿದರೆ ಡಿಸ್‌ಗೈಸ್. ಇವೆಲ್ಲ ಒಂದೇನಾ? ಹೈಡ್ ಅಂದರೆ ದನದ ಚರ್ಮ ಅಂತಲೂ ಇದೆ, ಅದನ್ನು ಯಾರು ಹೇಳಿಕೊಡಬೇಕು?

ಕವರ್‌ನ ಕಥೆ ಇನ್ನೂ ಜಾಸ್ತಿ. ನಮ್ಮ ಅಂಗಡಿಯಲ್ಲಿ ಕವರ್ ಅಂದರೆ ಪ್ಲಾಸ್ಟಿಕ್ ಚೀಲ, ಅಂಚೆಯಲ್ಲಿ ಲಕೋಟೆ, ಕ್ರಿಕೆಟ್ಟಿನಲ್ಲಿ ಫೀಲ್ಡರ್ ನಿಲ್ಲುವ ಜಾಗ, ವಿಮೆಯಲ್ಲಿ ರಕ್ಷಣೆ. ವರದಿಗಾರ ಸುದ್ದಿ ಕವರ್ ಮಾಡಿದರೆ ಮುಚ್ಚಿಟ್ಟ ಅಂತ ಅಲ್ಲ, ಜನರಿಗೆ ತಿಳಿಸಿದ ಅಂತ! ಅದೇ ‘ಕವರ್ ಅಪ್’ ಅಂದರೆ ತಪ್ಪು ಮುಚ್ಚಿಹಾಕಿದ ಅಂತ. ತಲೆ ಕೆಡುವುದಿಲ್ಲವಾ?

ಕನ್ನಡದಲ್ಲಿ ಪದ ಇಲ್ಲ ಅನ್ನಬೇಡಿ. ಮೋಡ ಕವಿಯುತ್ತದೆ, ಮಂಜು ಮುಸುಕುತ್ತದೆ, ಕಂಬಳಿ ಹೊದೆಯುತ್ತೇವೆ, ದುಡ್ಡು ಬಚ್ಚಿಡುತ್ತೇವೆ, ಕಳ್ಳ ಅವಿತುಕೊಳ್ಳುತ್ತಾನೆ. ಇಷ್ಟು ಪದ ಇಟ್ಟುಕೊಂಡು ಸುಮ್ನೆ ‘ಮುಚ್ಚು’ ಅಂತ ಬರೆದು ಕೈ ತೊಳೆದುಕೊಂಡರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ತಂಗಿ ಇನ್ನೂ ನನ್ನ ಜೊತೆ ಮಾತಾಡಿಲ್ಲ.