ಶಬಾನಾ ಆಜ್ಮಿ ಬಗ್ಗೆ ಓಡಾಡುತ್ತಿರುವ ಮೆಸೇಜ್ ಸರಿಯಿಲ್ಲ

ಕಲಬುರಗಿಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ. ನಟಿ ಶಬಾನಾ ಆಜ್ಮಿ ನಮ್ಮೂರಲ್ಲೇ ಹುಟ್ಟಿದವರಂತೆ, ಕಾಲೇಜು ಮೆಟ್ಟಿಲು ಹತ್ತದೆ ಸ್ಟಾರ್ ಆದರಂತೆ, ರಾಜ್ಯಸಭೆ ಸೀಟು ಸಿಕ್ಕ ಮೇಲೆ ಹೋರಾಟ ಶುರು ಮಾಡಿದರಂತೆ. ಮೂರೂ ತಪ್ಪು.

ಅವರು ಹುಟ್ಟಿದ್ದು 1950ರಲ್ಲಿ, ಹೈದರಾಬಾದಿನಲ್ಲಿ. ಮುಂಬೈನ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಮನಃಶಾಸ್ತ್ರ ಓದಿ ಪದವಿ ಪಡೆದರು. ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ನಟನೆ ಕಲಿತರು. 1974ರಲ್ಲಿ 'ಅಂಕುರ್' ಸಿನಿಮಾ ಬಂತು, ರಾಷ್ಟ್ರಪ್ರಶಸ್ತಿಯೂ ಬಂತು. (ಅದರಲ್ಲಿ ನಮ್ಮ ಅನಂತನಾಗ್ ಕೂಡ ಇದ್ದಾರೆ. ಆ ಸಿನಿಮಾದ ದಖನಿ ಮಾತು ನಮ್ಮ ಕಡೆಯವರ ಕಿವಿಗೆ ಹೊಸದೇನಲ್ಲ ಬಿಡಿ.)

ಇನ್ನು ಹೋರಾಟ ಮನೆಯಲ್ಲೇ ಇತ್ತು. ತಂದೆ ಕೈಫಿ ಆಜ್ಮಿ ಕವಿ, ಕಮ್ಯುನಿಸ್ಟ್ ಪಕ್ಷದವರು. ತಾಯಿ ಶೌಕತ್ ರಂಗನಟಿ. ಬಾಲ್ಯ ಕಳೆದದ್ದು ಮುಂಬೈನ ರೆಡ್ ಫ್ಲ್ಯಾಗ್ ಹಾಲ್‌ನಲ್ಲಿ, ಅಂದರೆ ಪಕ್ಷದವರು ಒಟ್ಟಿಗೆ ವಾಸವಿದ್ದ ಮನೆಯಲ್ಲಿ: ಎಂಟು ಕುಟುಂಬ, ಒಂದೊಂದಕ್ಕೆ ಒಂದೇ ಕೋಣೆ, ಬಚ್ಚಲು ಎಲ್ಲರಿಗೂ ಸೇರಿ. ಇದನ್ನು ಶಬಾನಾ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಕೊಳೆಗೇರಿ ಜನರ ಪರವಾಗಿ ಅವರು ಉಪವಾಸ ಕೂತದ್ದು 1986ರಲ್ಲಿ. ರಾಜ್ಯಸಭೆಗೆ ನಾಮನಿರ್ದೇಶನವಾದದ್ದು 1997ರಲ್ಲಿ. ಯಾವುದು ಮೊದಲು ಅಂತ ನೀವೇ ನೋಡಿ.

ನಾಟಕದ ಹುಚ್ಚಿರುವ ಹುಡುಗ ಹುಡುಗಿಯರಿಗೆ 'ಓದು ಯಾಕೆ ಬೇಕು' ಅಂತ ಈ ಮೆಸೇಜ್ ಜಾಸ್ತಿ ಹೋಗುತ್ತಿದೆ. ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.